ಚೆಂಡು ಬರುವ ಮೊದಲೇ

ಪ್ರೀತಿಯ ಮಗನಿಗೆ ದೊಡ್ಡಪ್ಪನಿಂದ,

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯದ ಚಿತ್ರ ತೆಗೆಯಲು ನಿನಗೆ ಅವಕಾಶ ಸಿಗುವಂತಿದೆ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಅಡಿಕೆ ಮಾರಿದ ದುಡ್ಡಿನಲ್ಲಿ ದೊಡ್ಡ ಲೆನ್ಸ್ ಕೊಡಿಸು ಎಂದು ನೀನು ಹಟ ಹಿಡಿದಿರುವುದನ್ನೂ ಹೇಳಿದ. ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಈಗ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಬಹಳ ಜನ ಇದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು, ಮನೆಗೆ ಬರೆಯಬೇಕಾದ ಕಾಗದವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಲೆನ್ಸಿನ ಮಾತು ಆಮೇಲೆ. ಮೊದಲು ಆಟ ಕಲಿ.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಊರೂರಲ್ಲಿ ನಡೆಯುವ ಹೋರಿ ಹಬ್ಬದಲ್ಲಿ ನೀನು ತೆಗೆದ ಚಿತ್ರಗಳನ್ನು ನೋಡಿದ್ದೇನೆ. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ನುಗ್ಗಿ ಬರುವಾಗ ಅದರ ಕಣ್ಣು, ಹಾರಕ್ಕೆ ಕೈಚಾಚಿದ ಹುಡುಗನ ಬೆರಳು, ಎರಡೂ ಸ್ಪಷ್ಟವಾಗಿ ಒಂದೇ ಚಿತ್ರದಲ್ಲಿ ಸಿಗುವುದು ಸುಲಭವಲ್ಲ. ನಿನಗೆ ಅದು ಸಿಕ್ಕಿದ್ದು ಕ್ಯಾಮೆರಾದ ಬಲದಿಂದಲ್ಲ. ಯಾವ ಹೋರಿ ನೇರ ಹೋಗುತ್ತದೆ, ಯಾವುದು ಪಕ್ಕಕ್ಕೆ ವಾಲುತ್ತದೆ, ಯಾವ ಹುಡುಗ ಎಲ್ಲಿ ಕಾದು ಮೇಲೆ ಬೀಳುತ್ತಾನೆ ಎಂಬುದನ್ನು ಚಿಕ್ಕಂದಿನಿಂದ ನೋಡಿ ಬಲ್ಲವನು ನೀನು. ಹಾಗಾಗಿ ಹೋರಿ ಬರುವ ಮೊದಲೇ ನಿನ್ನ ಕಣ್ಣು ಅಲ್ಲಿಗೆ ಹೋಗಿ ಕಾಯುತ್ತದೆ. ಫುಟ್‌ಬಾಲಿನಲ್ಲಿ ಆ ತಿಳಿವಳಿಕೆ ನಿನಗೆ ಇನ್ನೂ ಇಲ್ಲ. ಹೋರಿ ಪಕ್ಕಕ್ಕೆ ವಾಲಿದರೂ ಓಡುವ ದಿಕ್ಕು ಒಂದೇ. ಇಲ್ಲಿ 105 ಮೀಟರ್ ಉದ್ದ, 68 ಮೀಟರ್ ಅಗಲದ ಬಯಲಿನಲ್ಲಿ ಇಪ್ಪತ್ತೆರಡು ಜನ, ಕ್ಷಣಕ್ಕೊಮ್ಮೆ ದಿಕ್ಕು ಬದಲಿಸುವ ಚೆಂಡು. ಚೆಂಡಿನ ಹಿಂದೆ ಲೆನ್ಸ್ ಅಲೆಸುತ್ತಾ ಕೂತರೆ ನಿನಗೆ ಸಿಗುವುದು ಆಟಗಾರರ ಬೆನ್ನು ಮಾತ್ರ.

ಒಂದು ಪಂದ್ಯ ನೆನಪಿಸುತ್ತೇನೆ. 2023ರ ಮಾರ್ಚ್ 3, ಇದೇ ಕಂಠೀರವ. ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ನಾಕೌಟ್‌ನಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ತೊಂಬತ್ತು ನಿಮಿಷ ಗೋಲಿಲ್ಲದೆ ಮುಗಿದು, ಹೆಚ್ಚುವರಿ ಅವಧಿ ಶುರುವಾಗಿತ್ತು. ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟಿ ಮುಗಿಸುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ತರಬೇತುದಾರ ತಮ್ಮ ಹುಡುಗರನ್ನು ಮೈದಾನದಿಂದಲೇ ಹೊರಗೆ ಕರೆದುಕೊಂಡು ಹೋದರು. ದೇಶದ ಫುಟ್‌ಬಾಲ್‌ ಲೋಕವೆಲ್ಲ ದಿನಗಟ್ಟಲೆ ಚರ್ಚಿಸಿದ ಗೋಲು ಅದು. ಈಗ ಯೋಚಿಸು: ಫ್ರೀ ಕಿಕ್ ಎಂದಾಕ್ಷಣ ಹೊಸಬ ಛಾಯಾಗ್ರಾಹಕ ಏನು ಮಾಡುತ್ತಾನೆ? ಹೇಗೂ ಸಮಯ ಇದೆ ಎಂದು ತಲೆ ಬಗ್ಗಿಸಿ, ಹಿಂದೆ ತೆಗೆದ ಚಿತ್ರ ಹೇಗೆ ಬಂದಿದೆ ಎಂದು ಪರದೆ ನೋಡುತ್ತಾನೆ. ಸೀಟಿ ಊದುವವರೆಗೆ ಕಾಯಿರಿ ಎಂದು ರೆಫರಿ ಹೇಳದಿದ್ದರೆ ಫ್ರೀ ಕಿಕ್ಕನ್ನು ತಕ್ಷಣವೇ ತೆಗೆದುಕೊಳ್ಳಬಹುದು ಎಂಬ ನಿಯಮ ಬಲ್ಲವನು ಕಣ್ಣು ಕೀಳುವುದಿಲ್ಲ. ನಿಯಮದ ಪುಸ್ತಕ ಓದು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಕೂರುವ ಜಾಗ. ಆಯೋಜಕರು ಅಂಗಿಯ ಮೇಲೆ ತೊಡುವ ಗುರುತಿನ ಬಿಬ್ ಕೊಟ್ಟು, ಎಲ್ಲಿ ಕೂರಬಹುದು ಎಂದು ಗೆರೆ ಹಾಕಿ ತೋರಿಸುತ್ತಾರೆ. ಸಾಮಾನ್ಯವಾಗಿ ಗೋಲಿನ ಹಿಂದಿನ ಗೆರೆಯಾಚೆ, ಜಾಹೀರಾತು ಹಲಗೆಗಳ ಬಳಿ. ಗೋಲಿಗೂ ಮೂಲೆಯ ಬಾವುಟಕ್ಕೂ ನಡುವೆ ಕೂತರೆ ಗೋಲಿನತ್ತ ನುಗ್ಗುವವರ ಮುಖ ನಿನ್ನ ಕಡೆಗೇ ಇರುತ್ತದೆ. ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ. ಯಾವ ತಂಡದ ದಾಳಿ ನಿನಗೆ ಬೇಕು ಎಂದು ಮೊದಲೇ ನಿರ್ಧರಿಸಿ, ಪಂದ್ಯ ನಡೆಯುತ್ತಿರುವಾಗ ಅಲೆದಾಡಬೇಡ. ಪಕ್ಕದ ಗೆರೆಯ ಬಳಿ ಇರಬೇಕಾಗಿ ಬಂದರೆ ಸಹಾಯಕ ರೆಫರಿ ಓಡುವ ದಾರಿಗೆ ಅಡ್ಡವಾಗಬೇಡ. ನಿಲ್ಲಬೇಡ, ಕೂರು. ಹಿಂದಿನವರಿಗೆ ಆಟ ಕಾಣಬೇಕು ಎಂಬುದು ಒಂದು ಕಾರಣ. ನೆಲಮಟ್ಟದಿಂದ ನೋಡಿದರೆ ಆಟಗಾರ ಎತ್ತರವಾಗಿ ಕಾಣುತ್ತಾನೆ, ಹಿನ್ನೆಲೆ ಶುಭ್ರವಾಗಿ ಬರುತ್ತದೆ ಎಂಬುದು ಇನ್ನೊಂದು. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಪಥ ಇರುವುದರಿಂದ ಪ್ರೇಕ್ಷಕರು ದೂರದಲ್ಲಿರುತ್ತಾರೆ. ಆ ದೂರ ಹಿನ್ನೆಲೆಯನ್ನು ಮಸುಕಾಗಿಸಿ ನಿನಗೆ ಸಹಾಯ ಮಾಡುತ್ತದೆ. ಹೋರಿ ಹಬ್ಬದಲ್ಲಿ ಒಳ್ಳೆಯ ಚಿತ್ರಕ್ಕಾಗಿ ಅಖಾಡದೊಳಗೆ ಒಂದು ಹೆಜ್ಜೆ ಇಡುವ ನಿನ್ನ ಅಭ್ಯಾಸ ನನಗೆ ಗೊತ್ತು, ಮಾರಾಯ. ಅದನ್ನು ಇಲ್ಲಿಗೆ ತರಬೇಡ. ಅಲ್ಲಿಯೂ ಬಿಡು. ಫ್ಲ್ಯಾಶ್ ಅಂತೂ ಮುಟ್ಟಲೇಬೇಡ.

ಈಗ ಲೆಕ್ಕ. ಜೋರಾಗಿ ಒದ್ದ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೋ. ಶಟರ್ ವೇಗ 1/250 ಸೆಕೆಂಡು ಇಟ್ಟರೆ ಅಷ್ಟರಲ್ಲಿ ಚೆಂಡು 11 ಸೆಂ.ಮೀ. ಸಾಗಿರುತ್ತದೆ. ಚೆಂಡಿನ ಅಡ್ಡಳತೆಯೇ ಸುಮಾರು 22 ಸೆಂ.ಮೀ., ಅಂದರೆ ಅರ್ಧ ಚೆಂಡು ಅಳಿಸಿಹೋದಂತೆ. 1/1000ಕ್ಕೆ ಏರಿಸಿದರೆ ಚೆಂಡು ಸಾಗುವುದು ಮೂರು ಸೆಂ.ಮೀ.ಗಿಂತ ಕಡಿಮೆ. ಅದಕ್ಕಿಂತ ಕೆಳಗೆ ಇಳಿಯಬೇಡ. ರಾತ್ರಿ ಪಂದ್ಯದಲ್ಲಿ ದೀಪದ ಬೆಳಕು ಬರಿಗಣ್ಣಿಗೆ ಹಗಲಿನಂತೆ ಕಂಡರೂ ಕ್ಯಾಮೆರಾಕ್ಕೆ ಸಾಲದು. ನಿನ್ನ ಲೆನ್ಸನ್ನು ಜೂಮ್ ಮಾಡಿ ಉದ್ದ ಮಾಡಿದಾಗ ಅದರ ಬಾಯಿ (ಅಪರ್ಚರ್) ಎಫ್ 5.6ಕ್ಕೆ ಇಳಿಯುತ್ತದೆ. 2.8ರ ಲೆನ್ಸ್ ಒಳಗೆ ಬಿಡುವ ಬೆಳಕಿನ ಕಾಲು ಭಾಗ ಮಾತ್ರ ಅದು. ಹಾಗಾಗಿ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, ಅಂದರೆ ಐಎಸ್ಒವನ್ನು ನಾಲ್ಕು ಪಟ್ಟು ಏರಿಸಬೇಕಾಗುತ್ತದೆ, ಚಿತ್ರ ಕಾಳುಕಾಳಾಗುತ್ತದೆ. ದೊಡ್ಡ ಲೆನ್ಸ್ ಬೇಕೆನ್ನುವ ನಿನ್ನ ಮಾತಿನಲ್ಲಿ ಸತ್ಯ ಇದೆ, ಇಲ್ಲ ಎನ್ನುವುದಿಲ್ಲ. ಆದರೆ 400 ಮಿ.ಮೀ. 2.8 ಲೆನ್ಸಿಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಬೇಕು. ತೋಟದ ಒಂದು ವರ್ಷದ ಫಸಲನ್ನು ಅದಕ್ಕೆ ಸುರಿಯುವ ಹೊತ್ತು ಇದಲ್ಲ. ಬಾಡಿಗೆಗೆ ಸಿಗುತ್ತದೆ, ಒಂದು ಪಂದ್ಯಕ್ಕೆ ತೆಗೆದುಕೊಂಡು ನೋಡು.

ಅದಕ್ಕೂ ಮೊದಲು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ಹೋಗು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಅದರ ತವರು ಮೈದಾನ ಅದೇ ಆಗಿತ್ತು. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್ ಪಂದ್ಯಗಳಲ್ಲಿ ಹಗಲಿನ ಬೆಳಕಿದ್ದಾಗ ನಿನ್ನ ಈಗಿನ ಲೆನ್ಸೇ ಸಾಕು. ಅಲ್ಲಿ ಕ್ಯಾಮೆರಾಗಳ ನೂಕುನುಗ್ಗಲಿಲ್ಲ. ಅದು ನನಗೆ ನಿಜಕ್ಕೂ ನೋವಿನ ವಿಷಯ. 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ, ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ ಗೆದ್ದಿತು. ಐವತ್ತನಾಲ್ಕು ವರ್ಷಗಳ ನಂತರ! ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಮೈಸೂರು. ಆ ಹುಡುಗರಲ್ಲಿ ಒಬ್ಬರ ಮುಖವನ್ನಾದರೂ ನಮ್ಮೂರಿನವರು ಗುರುತಿಸಬಲ್ಲರೇ? ಗುರುತಿಸಲಾರರು, ಏಕೆಂದರೆ ಅವರ ಚಿತ್ರಗಳನ್ನು ನಾವು ನೋಡಿಯೇ ಇಲ್ಲ. ನೀನು ಮಾಡಬಹುದಾದ ಕೆಲಸ ಅಲ್ಲಿದೆ.

ಗೋಲು ಬಿದ್ದ ಮೇಲೆ ಕ್ಯಾಮೆರಾ ಇಳಿಸಬೇಡ. 1970ರ ವಿಶ್ವಕಪ್‌ನಲ್ಲಿ ಬ್ರೆಜಿಲ್, ಇಂಗ್ಲೆಂಡನ್ನು 1-0ಯಿಂದ ಸೋಲಿಸಿತು. ಬ್ರೆಜಿಲ್‌ನ ಪೆಲೆ ತಲೆಯಿಂದ ಹೊಡೆದ ಚೆಂಡನ್ನು ಇಂಗ್ಲೆಂಡ್ ಗೋಲಿ ಗಾರ್ಡನ್ ಬ್ಯಾಂಕ್ಸ್ ತಡೆದದ್ದು ಆ ಪಂದ್ಯದಲ್ಲೇ, ಜೈರ್ಜಿನ್ಹೊ ಗೋಲು ಹೊಡೆದದ್ದೂ ಅದರಲ್ಲೇ. ಆದರೆ ಜಗತ್ತು ಎದೆಯಲ್ಲಿಟ್ಟುಕೊಂಡ ಚಿತ್ರ ಕೊನೆಯ ಸೀಟಿ ಊದಿದ ಮೇಲಿನದು: ಅಂಗಿ ಕಳಚಿದ ಪೆಲೆ ಮತ್ತು ಇಂಗ್ಲೆಂಡ್ ನಾಯಕ ಬಾಬಿ ಮೂರ್ ಎದುರುಬದುರು ನಿಂತು ಒಬ್ಬರನ್ನೊಬ್ಬರು ನೋಡಿ ನಗುತ್ತಿರುವುದು. ಛಾಯಾಗ್ರಾಹಕ ಜಾನ್ ವಾರ್ಲಿ ತೆಗೆದದ್ದು. ಬೆಂಗಳೂರಿನ ಗೌತಮಪುರದ ಬೀದಿಯಲ್ಲಿ ಪೆಲೆಯ ಪ್ರತಿಮೆ ಇದೆ, ಹೋದಾಗ ನೋಡಿ ಬಾ.

ನಮ್ಮಲ್ಲೇ ನೋಡು, 2023ರ ಜುಲೈ 4ರಂದು ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಭಾರತ, ಕುವೈತ್ 1-1 ಸಮ. ಪೆನಾಲ್ಟಿ ಒದೆತಗಳಲ್ಲಿ ಭಾರತದ ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಒದೆತವನ್ನು ತಡೆದು 5-4ರಿಂದ ಗೆಲ್ಲಿಸಿದರು. ಅಂಥ ಹೊತ್ತಿನಲ್ಲಿ ಎಲ್ಲ ಲೆನ್ಸ್‌ಗಳೂ ಗೋಲಿನತ್ತಲೇ. ಮಧ್ಯಗೆರೆಯಲ್ಲಿ ಹೆಗಲ ಮೇಲೆ ಕೈಹಾಕಿ ಸಾಲಾಗಿ ನಿಂತ ಆಟಗಾರರ ಮುಖ, ಒದ್ದದ್ದು ತಪ್ಪಿ ಒಬ್ಬನೇ ಅಷ್ಟು ದೂರ ನಡೆದು ವಾಪಸು ಬರುವವನ ಮುಖ, ಇವುಗಳಿಗೆ ಕಾಯುವವರು ಕಡಿಮೆ. ನೀನು ಕಾಯು. ಸೋತವನ ಚಿತ್ರ ತೆಗೆಯುವುದು ತಪ್ಪಲ್ಲ. ಅವನ ಮುಖದ ಮುಂದೆ ಹೋಗಿ ಲೆನ್ಸ್ ಹಿಡಿಯುವುದು ತಪ್ಪು. ದೂರದಿಂದಲೇ ತೆಗೆದು ಅವನ ಪಾಡಿಗೆ ಅವನನ್ನು ಬಿಡು.

ಹೆಸರಿನ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಪಂದ್ಯಕ್ಕೆ ಮೊದಲು ಎರಡೂ ತಂಡಗಳ ಪಟ್ಟಿ ತೆಗೆದುಕೊಂಡು, ಅಂಗಿಯ ಸಂಖ್ಯೆಗಳನ್ನು ಬಾಯಿಪಾಠ ಮಾಡು. ಬೆಂಗಳೂರಿಗೆ ವರ್ಷಗಟ್ಟಲೆ ಆಡಿದ ಉದಾಂತ ಸಿಂಗ್, ಸುರೇಶ್ ಸಿಂಗ್ ವಾಂಗ್ಜಮ್ ಮಣಿಪುರದವರು. ಸ್ಯಾಫ್ ಫೈನಲ್‌ನಲ್ಲಿ ಭಾರತದ ಗೋಲು ಹೊಡೆದ ಛಾಂಗ್ಟೆ ಮಿಜೋರಾಂನವರು. ಚಿತ್ರದ ಕೆಳಗೆ ‘ಈಶಾನ್ಯದ ಆಟಗಾರ’ ಎಂದು ಬರೆದು ಕೈತೊಳೆದುಕೊಳ್ಳಬೇಡ. ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಬಲ್ಲವರನ್ನು ಕೇಳಿ, ಕನ್ನಡದಲ್ಲಿ ಸರಿಯಾಗಿ ಬರೆ. ಎಷ್ಟನೆಯ ನಿಮಿಷ, ಯಾರ ಪಾಸು ಎಂಬುದನ್ನು ಸಣ್ಣ ಪುಸ್ತಕದಲ್ಲಿ ಆಗಿಂದಾಗ್ಗೆ ಗುರುತು ಹಾಕಿಕೋ. ವಿರಾಮದ ಹತ್ತು ಹದಿನೈದು ನಿಮಿಷದಲ್ಲೇ ಕೆಲವು ಚಿತ್ರ ಕಳಿಸು ಎಂದು ಪತ್ರಿಕೆಯವರು ಕೇಳುತ್ತಾರೆ, ಆಗ ನೆನಪು ಕೈಕೊಡುತ್ತದೆ. ಇನ್ನೊಂದು ಮಾತು: ಚೆಂಡು ಚೌಕಟ್ಟಿನ ಹೊರಗೆ ಉಳಿದರೆ ಉಳಿಯಲಿ. ಕಂಪ್ಯೂಟರಿನಲ್ಲಿ ತಂದು ಕೂರಿಸಿದೆ ಎಂದು ಗೊತ್ತಾದರೆ ನಿನ್ನ ಯಾವ ಚಿತ್ರವನ್ನೂ ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಮಲೆನಾಡಿನವನಿಗೆ ಮಳೆಯ ಬಗ್ಗೆ ಹೇಳಬೇಕಿಲ್ಲ. ಆದರೂ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಕೆ, ಒಣ ಬಟ್ಟೆ, ಹೆಚ್ಚಿಗೆ ಒಂದು ಬ್ಯಾಟರಿ ಇರಲಿ. ಸಾಮಾನ್ಯ ಮಳೆಗೆ ಫುಟ್‌ಬಾಲ್ ನಿಲ್ಲುವುದಿಲ್ಲ. ಪಕ್ಕದವರು ಓಡಿಹೋದಾಗ ಕೂತಿದ್ದವನಿಗೆ ಒಳ್ಳೆಯ ಚಿತ್ರಗಳು ಸಿಗುತ್ತವೆ.

ಪಂದ್ಯದ ದಿನ ಬರುವವರೆಗೆ ಕೈ ತುಕ್ಕು ಹಿಡಿಯದಿರಲು ಗುಡವಿ ಪಕ್ಷಿಧಾಮಕ್ಕೆ ಹೋಗಿ ಹಾರುವ ಹಕ್ಕಿಗಳನ್ನು ಹಿಂಬಾಲಿಸು. ಸಂಜೆ ಟಿವಿಯಲ್ಲಿ ಪಂದ್ಯ ಹಾಕಿ, ಮುಂದಿನ ಪಾಸ್ ಯಾರಿಗೆ ಎಂದು ಚೆಂಡು ಹೊರಡುವ ಮೊದಲೇ ಹೇಳಲು ನೋಡು. ಮೊದಲ ಪಂದ್ಯ ಮುಗಿಸಿ ಊರಿಗೆ ಬಂದಾಗ ಒಳ್ಳೆಯವನ್ನು ಆರಿಸಿ ತರಬೇಡ. ಕಾರ್ಡಿನಲ್ಲಿರುವುದನ್ನೆಲ್ಲ ತಾ, ಅಸ್ಪಷ್ಟವಾದವನ್ನೂ ಸೇರಿಸಿ. ಒಂದೊಂದಾಗಿ ಕೂತು ನೋಡೋಣ. ಎಲ್ಲಿ ಕೂತಿದ್ದೆ, ಆ ಹೊತ್ತಿಗೆ ಏನನ್ನು ನಿರೀಕ್ಷಿಸಿದ್ದೆ ಎಂದು ನೀನು ಹೇಳಬೇಕು.

ಇಂತಿ,
ನಿನ್ನ ದೊಡ್ಡಪ್ಪ
ಸೊರಬ