ಚಪ್ಪರ ಬಿಚ್ಚಿದ ಮೇಲೆ

2025ರ ಮೇ ತಿಂಗಳಲ್ಲಿ, ಸಾಗರದ ತವರುಮನೆಯ ಅಂಗಳದಲ್ಲಿ ನನ್ನ ಮದುವೆಯಾಯಿತು. ಹನ್ನೊಂದು ವರ್ಷಗಳಿಂದ ಯಾವ ಕಚೇರಿಗೂ ಸೇರದೆ ಬರೆದು ಬದುಕುತ್ತಿರುವವಳು ನಾನು. ಪುರವಣಿಗೆ ಲೇಖನ, ಜಾಹೀರಾತಿನ ಅನುವಾದ, ಸಾಕ್ಷ್ಯಚಿತ್ರಕ್ಕೆ ನಿರೂಪಣೆ, ಯಾರದೋ ಆತ್ಮಕಥೆಯ ಕರಡು ತಿದ್ದುವುದು, ಹೀಗೆ. ಗಂಡನಿಗೆ ಕಂಪನಿ ಹದಿನೈದು ದಿನ ರಜೆ ಕೊಟ್ಟಿತ್ತು. ಹದಿನಾರನೆಯ ದಿನ ಬೆಳಿಗ್ಗೆ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಹೊರಟೇಬಿಟ್ಟರು. ನನಗೆ ರಜೆ ಕೊಟ್ಟವರೂ ಇರಲಿಲ್ಲ, ಮುಗಿಯಿತು ಬಾ ಎನ್ನುವವರೂ ಇರಲಿಲ್ಲ. ಮೈಸೂರಿನ ಗಂಡನ ಮನೆಯಲ್ಲಿ ನನ್ನ ಲ್ಯಾಪ್‌ಟಾಪ್ ಸೀರೆಗಳ ಸೂಟ್‌ಕೇಸಿನ ತಳದಲ್ಲೇ ಉಳಿದಿತ್ತು. ಅಲ್ಲಿಂದ ಅದನ್ನು ಮೇಜಿಗೆ ತರುವಷ್ಟರಲ್ಲಿ ಕಲಿತದ್ದು ಇಷ್ಟು.

1. ಮರಳುವ ತಾರೀಖು ಮೊದಲೇ ಹೇಳಿ

‘ಮದುವೆ ಇದೆ ಸಾರ್, ಸ್ವಲ್ಪ ದಿನ ಬಿಡುವು ಬೇಕು’ ಎಂದು ಎಲ್ಲರಿಗೂ ಸಂದೇಶ ಕಳಿಸಿದ್ದೆ. ಆ ‘ಸ್ವಲ್ಪ ದಿನ’ವೇ ಮುಳುವಾಯಿತು. ತಿಂಗಳು ತಿಂಗಳು ತಪ್ಪದೆ ಬರುತ್ತಿದ್ದ ಒಂದು ಅನುವಾದದ ಕೆಲಸ ಬೇರೆಯವರ ಪಾಲಾಗಿತ್ತು. ಫೋನ್ ಮಾಡಿ ಕೇಳಿದರೆ, ‘ಅಯ್ಯೋ, ಮದುವೆ ಆಯ್ತಲ್ಲ ಮೇಡಂ, ಇನ್ನು ಬಿಟ್ಬಿಡ್ತೀರೇನೋ ಅಂದ್ಕೊಂಡೆ’ ಎಂದರು. ಗಂಡನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಜೂನ್ 16, ಸೋಮವಾರ. ಒಂಬತ್ತು ಜನರಿಗೆ ಒಂದೇ ಸಾಲು ಕಳಿಸಿದೆ: ‘ಇಂದಿನಿಂದ ಕೆಲಸಕ್ಕೆ ಹಾಜರ್.’ ಐವರು ಶುಭಾಶಯ ಹೇಳಿದರು, ಮೂವರು ಓದಿ ಸುಮ್ಮನಾದರು, ಒಬ್ಬರು ಕೆಲಸ ಕೊಟ್ಟರು. ಶುರುವಿಗೆ ಅಷ್ಟು ಸಾಕಾಯಿತು.

2. ಮೊದಲ ವಾರ ಬರೆಯಬೇಡಿ, ಬಾಕಿ ವಸೂಲಿ ಮಾಡಿ

ಮದುವೆ ದಿನ ಚಿಕ್ಕಪ್ಪ ಮಂಟಪದ ಪಕ್ಕ ಕೂತು ಮುಯ್ಯಿ ಪುಸ್ತಕ ಬರೆದಿದ್ದರು. ಹೆಸರು, ಊರು, 101, 501. ಒಂದು ಸ್ಟೀಲ್ ಡಬ್ಬಿಯೂ ಲೆಕ್ಕ ತಪ್ಪಿರಲಿಲ್ಲ. ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ತೀರಿಸಬೇಕಲ್ಲ! ಹನ್ನೊಂದು ವರ್ಷ ದುಡಿದ ನನ್ನ ಹತ್ತಿರ ಅಂಥ ಒಂದು ಪುಸ್ತಕವೂ ಇರಲಿಲ್ಲ.

ಅದೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೆರೆ ಎಳೆದೆ. ಬರಹ ಕಳಿಸಿದ ದಿನ, ಪದಗಳೆಷ್ಟು, ಒಪ್ಪಿದ ಮೊತ್ತ, ಬಿಲ್ ಕಳಿಸಿದ ದಿನ, ಹಣ ಬಂದ ದಿನ. ಬರೆದೂ ಬಿಲ್ಲನ್ನೇ ಕಳಿಸದ ನಾಲ್ಕು ಕೆಲಸಗಳು ಸಿಕ್ಕವು. ವರ್ಷದಲ್ಲಿ ನಮಗೆ ಕೊಡುವ ಸಂಭಾವನೆ 50,000 ರೂಪಾಯಿ ದಾಟಿದರೆ ಸಂಸ್ಥೆಗಳು ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತವೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಹೆಚ್ಚಾಗಿದ್ದರೆ ವಾಪಸು ಬರುತ್ತದೆ. ಅದಕ್ಕೂ ಒಂದು ಕಲಂ ಹಾಕಿದೆ. ಮದುವೆಯಲ್ಲಿ ಮದುಮಕ್ಕಳ ಕೈಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಆ ಭಾಗ್ಯ ಲೇಖನಕ್ಕಿಲ್ಲ.

3. ಅವಸರದಲ್ಲಿ ಹೆಸರು ಬದಲಿಸಬೇಡಿ

ಹಿರಿಯರೊಬ್ಬರು ಹೇಳಿದರೆಂದು ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿಕೊಂಡೆ. ಪ್ಯಾನ್ ಮತ್ತು ಬ್ಯಾಂಕಿನಲ್ಲಿ ಹಳೆಯ ಹೆಸರೇ ಇತ್ತು. ಹೊಸದಾಗಿ ಕೆಲಸ ಕೊಟ್ಟ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗ ‘ಹೆಸರು ತಾಳೆಯಾಗುತ್ತಿಲ್ಲ’ ಎಂದು ಬಿಲ್ ಹಿಂದಿರುಗಿಸಿತು. ಎರಡು ತಿಂಗಳು ಆ ಹಣ ಬರಲಿಲ್ಲ. ಬದಲಿಸುವುದೇ ಆದರೆ ವಿವಾಹ ನೋಂದಣಿ ಪತ್ರ ಕೈಗೆ ಬಂದ ಮೇಲೆ, ಯಾವ ಬಿಲ್ಲೂ ಬಾಕಿ ಇಲ್ಲದ ಸಮಯ ನೋಡಿ, ಆಧಾರ್, ಪ್ಯಾನ್, ಬ್ಯಾಂಕ್ ಮೂರನ್ನೂ ಒಟ್ಟಿಗೆ ಬದಲಿಸಿ. ಲೇಖನದ ಕೆಳಗಿನ ಹೆಸರನ್ನು ಮಾತ್ರ ಮುಟ್ಟಬೇಡಿ. ಹನ್ನೊಂದು ವರ್ಷದಲ್ಲಿ ನಾನು ಗಳಿಸಿದ ಆಸ್ತಿ ಅದೊಂದೇ.

4. ‘ಬರೀತೀನಿ’ ಎನ್ನಬೇಡಿ, ‘ಕೆಲಸಕ್ಕೆ ಕೂರ್ತೀನಿ’ ಎನ್ನಿ

ಅತ್ತೆ ಒಳ್ಳೆಯವರು. ಆದರೆ ‘ಹೆಂಗೂ ಮನೇಲೇ ಇರ್ತೀಯಲ್ಲಮ್ಮ’ ಎಂದು ಹೊಸ ಸೊಸೆಯನ್ನು ನೋಡಲು ಬರುವವರಿಗೆಲ್ಲ ಬೆಳಿಗ್ಗೆ ಹನ್ನೊಂದರ ಸಮಯ ಕೊಡುತ್ತಿದ್ದರು. ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಎದ್ದು, ಕುಂಕುಮ ಕೊಟ್ಟು, ಕಾಫಿ ಬೆರೆಸಿ, ‘ಏನು ಓದಿದೀಯಮ್ಮಾ’ ಎಂಬುದಕ್ಕೆ ಉತ್ತರ ಹೇಳಿ ಬರುವಷ್ಟರಲ್ಲಿ ಆ ವಾಕ್ಯ ಎಲ್ಲಿಗೆ ಹೊರಟಿತ್ತೆಂಬುದೇ ಮರೆತುಹೋಗುತ್ತಿತ್ತು.

ಹೇಳಿ ಅರ್ಥಮಾಡಿಸಲು ನೋಡಿದೆ, ಆಗಲಿಲ್ಲ. ಒಂದು ದಿನ ಬಾಕಿ ಹಣಕ್ಕಾಗಿ ಫೋನಿನಲ್ಲಿ ಕೊಂಚ ಗಟ್ಟಿಯಾಗಿ ಮಾತಾಡಿದ್ದನ್ನು ಅವರು ಕೇಳಿಸಿಕೊಂಡರು.

‘ಎಷ್ಟು ದಿನದ್ದು?’

‘ನಾಲ್ಕು ತಿಂಗಳಾಯ್ತು ಅತ್ತೆ.’

‘ನಾಲ್ಕು ತಿಂಗಳಾ? ಹಾಲಿನವ್ನಿಗೆ ನಾಲ್ಕು ದಿನ ತಡ ಆದ್ರೆ ಗೇಟ್ ಹತ್ರ ನಿಂತ್ಕೋತಾನೆ!’

ಬರವಣಿಗೆ ಎಂದರೆ ಕೊಡುವವರು, ಕೊಡದೆ ಸತಾಯಿಸುವವರು ಇರುವ ದುಡಿಮೆ ಎಂದು ಅವರಿಗೆ ಹೊಳೆದದ್ದು ಆಗಲೇ. ಹತ್ತರಿಂದ ಒಂದರವರೆಗೆ ಎಂದು ಹೊತ್ತು ಗೊತ್ತುಮಾಡಿಕೊಂಡೆವು. ಈಗ ಯಾರಾದರೂ ಬಂದರೆ ಅತ್ತೆಯೇ ಹೇಳುತ್ತಾರೆ: ‘ಸೊಸೆ ಆಫೀಸಲ್ಲಿದಾಳೆ, ಒಂದು ಗಂಟೆಗೆ ಬರ್ತಾಳೆ.’ ಆಫೀಸು ದೇವರಮನೆಯ ಪಕ್ಕದ ಕೋಣೆ.

5. ಕೈಗೆ ಸಣ್ಣ ಕೆಲಸ ಕೊಡಿ

ಒಂದೂವರೆ ತಿಂಗಳು ಮುಟ್ಟದಿದ್ದರೆ ಬೆರಳೂ ಮರೆಯುತ್ತದೆ. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕು. ‘ಶಾಸ್ತ್ರ’ ಎಂದು ಬರೆಯಲು ಹೋಗಿ ‘ಶಾಸತರ’ ಎಂದು ಮೂಡಿದ್ದನ್ನು ನೋಡಿ ನಗು ಬಂತು. ಮೊದಲ ದಿನ ಬರೆದದ್ದು 140 ಪದ. ದೊಡ್ಡ ಪ್ರಬಂಧವನ್ನು ಬದಿಗಿಟ್ಟು ಅನುವಾದ, ಕರಡು ತಿದ್ದುವಿಕೆ, ಮುನ್ನೂರು ಪದಗಳ ಪುಸ್ತಕ ಪರಿಚಯ ಹಿಡಿದೆ. ಇನ್ನೊಬ್ಬರ ವಾಕ್ಯ ರಿಪೇರಿ ಮಾಡುತ್ತ ಮಾಡುತ್ತ ನಮ್ಮ ವಾಕ್ಯ ಕುದುರಿಕೊಳ್ಳುತ್ತದೆ.

6. ಮದುವೆಯನ್ನೇ ಬರೆಯುವ ಆಸೆಗೆ ಬೀಳಬೇಡಿ

ನಾನು ಬಿದ್ದೆ. 1,200 ಪದ ಬರೆದೆ. ಓದಿದ ಗೆಳತಿ, ‘ಆಲ್ಬಂ ಚೆನ್ನಾಗಿದೆ ಕಣೇ’ ಎಂದಳು. ನಿಜವೇ. ಪ್ರತಿ ಪುಟದಲ್ಲೂ ನಾನೇ ನಿಂತಿದ್ದೆ.

ಅದನ್ನು ಅಳಿಸಿ, ಚಪ್ಪರದ ಬಗ್ಗೆ ಬರೆದೆ. ಅಡಿಕೆ ದಬ್ಬೆ ಕಟ್ಟಿ ಸೋಗೆ ಹೊದಿಸುವ ಮಲೆನಾಡಿನ ಚಪ್ಪರಕ್ಕೆ ಊರವರೇ ಬಂದು ಕೈ ಹಾಕುತ್ತಿದ್ದ ಕಾಲವನ್ನು ಅಪ್ಪ ನೆನಪಿಸಿಕೊಂಡಿದ್ದರು. ನಮ್ಮಲ್ಲಿ ಅರ್ಧ ಸೋಗೆ, ಅರ್ಧ ಬಾಡಿಗೆಯ ಶಾಮಿಯಾನ. ಕಟ್ಟಲು ಎರಡು ದಿನ ಹಿಡಿದದ್ದನ್ನು ಒಂದು ಸಂಜೆಯಲ್ಲಿ ಬಿಚ್ಚಿ, ಬಿಚ್ಚಿದ ದಬ್ಬೆಯನ್ನು ಬೇಲಿಗೆ ಬಳಸಿದರು. ಆ ಲೇಖನ ಪ್ರಕಟವಾಯಿತು.

7. ಪಂಚಾಂಗವನ್ನೂ ಸಂಪಾದಕರ ಕ್ಯಾಲೆಂಡರನ್ನೂ ಜೊತೆಗಿಟ್ಟುಕೊಂಡು ನೋಡಿ

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂಬ ನಂಬಿಕೆ. ಜೂನ್ 26ಕ್ಕೆ ಆಷಾಢ ಶುರುವಾಯಿತು, ತವರಿಗೆಂದು ತಾಳಗುಪ್ಪ ರೈಲು ಹತ್ತಿಸಿದರು. ಈಗಷ್ಟೇ ಕೂತಿದ್ದೆ, ಮತ್ತೆ ಏಳಿಸಿದರಲ್ಲ ಎಂದು ಗೊಣಗಿಕೊಂಡೇ ಹೊರಟೆ. ಆದರೆ ಅಕ್ಟೋಬರಿನ ದೀಪಾವಳಿ ವಿಶೇಷಾಂಕಗಳಿಗೆ ವಿಷಯ ಹೇಳಿ ಒಪ್ಪಿಸಿಕೊಳ್ಳಲು ಇದೇ ಸರಿಯಾದ ಸಮಯ. ತವರಿನಲ್ಲಿ ಹೊಸ ಸೊಸೆಯನ್ನು ನೋಡಲು ಯಾರೂ ಬರುವುದಿಲ್ಲ. ಸಾಗರದ ಮಳೆಯಲ್ಲಿ ಕರೆಂಟು ಹೋದರೆ ಕೈಬರಹ. ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಮೂಲೆಯಲ್ಲಿ ಮಾತ್ರ, ಹಾಗಾಗಿ ದಿನಕ್ಕೆ ಒಮ್ಮೆ ಮೇಲ್. ನಾಲ್ಕು ವಾರದಲ್ಲಿ ಎರಡು ದೊಡ್ಡ ಲೇಖನ ಮುಗಿದವು. ಬೇರೆ ಯಾವ ತಿಂಗಳಲ್ಲೂ ನನಗೆ ಅಷ್ಟು ಸಾಧ್ಯವಾದದ್ದಿಲ್ಲ.

ಶ್ರಾವಣಕ್ಕೆ ಮೈಸೂರಿಗೆ ಮರಳಿದೆ. ಮದುವೆಯ ನಂತರದ ಮೊದಲ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆ, ಮನೆ ತುಂಬ ಜನ. ಈ ಸಲ ‘ಸ್ವಲ್ಪ ದಿನ’ ಎನ್ನಲಿಲ್ಲ. ಮುಯ್ಯಿ ಪುಸ್ತಕದ ಹಿಂದಿನ ಹಾಳೆಯಲ್ಲಿ ರಜೆ ಅರ್ಜಿ ನಾನೇ ಬರೆದು, ನಾನೇ ಮಂಜೂರು ಮಾಡಿ, ಸಂಪಾದಕರಿಗೂ ಅತ್ತೆಗೂ ತಿಳಿಸಿದೆ: ಆಗಸ್ಟ್ 26, 27 ರಜೆ. 28ಕ್ಕೆ ಬೆಳಿಗ್ಗೆ ಹತ್ತಕ್ಕೆ ಹಾಜರ್.