ಸದ್ದು ನಿಲ್ಲಿಸಿದ ಟ್ಯಾಪೆಟ್

ಅಪ್ಪ ಕಾಫಿ ಮೂಟೆ ಹೇರಿಕೊಂಡು ಮೂಡಿಗೆರೆಯಿಂದ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತಿದ್ದ ಮಹೀಂದ್ರ ಎಫ್‌ಸಿ-150 ಪಿಕಪ್ ಈಗ ನನ್ನ ಕೈಯಲ್ಲಿದೆ. 1968ರದು. ಎಂಜಿನ್ ಕ್ಯಾಬಿನ್ನಿನೊಳಗೆ, ಎರಡು ಸೀಟುಗಳ ನಡುವೆ ಕೂತಿದೆ. ವಿಲ್ಲೀಸ್ ಜೀಪಿನದೇ ಹರಿಕೇನ್, ನಾಲ್ಕು ಸಿಲಿಂಡರ್, 2.2 ಲೀಟರ್, ಪೆಟ್ರೋಲ್. ಡೀಸೆಲ್ ಎಂಜಿನ್ ಕೂರಿಸಿಬಿಡಿ ಎಂದವರಿಗೆ ಲೆಕ್ಕವಿಲ್ಲ. ನನಗೆ ಮನಸ್ಸು ಬರಲಿಲ್ಲ. ಈ ಎಂಜಿನ್ನನ್ನೇ ಉಳಿಸಿಕೊಂಡು ಕಲಿತ ಪಾಠಗಳು ಇವು.

1. ಟಕಟಕ ಅನ್ನುವ ಟ್ಯಾಪೆಟ್ಟಿಗೆ ಹೆದರಬೇಡಿ. ಸದ್ದು ನಿಂತರೆ ಹೆದರಿ. ಈ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಮೇಲಿನದಕ್ಕೆ ಸುಲಭವಾಗಿ ಕೈ ಸಿಗುತ್ತದೆ. ಕೆಳಗಿನದಕ್ಕೆ ಮ್ಯಾನಿಫೋಲ್ಡಿನ ಹಿಂದೆ ಕೈ ತೂರಿಸಿ ಪಕ್ಕದ ಕವರ್ ಬಿಚ್ಚಬೇಕು. ಹಾಗಾಗಿ ಎಲ್ಲರೂ ಮೇಲಿನದನ್ನಷ್ಟೇ ಸೆಟ್ ಮಾಡಿ ಕೈ ಒರೆಸಿಕೊಳ್ಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಗಾಡಿ ಓಡಿದಂತೆಲ್ಲ ಎಕ್ಸಾಸ್ಟ್ ವಾಲ್ವ್ ಸೀಟಿನೊಳಕ್ಕೆ ಇಳಿಯುತ್ತದೆ, ಅದಕ್ಕೂ ಟ್ಯಾಪೆಟ್ಟಿಗೂ ನಡುವಿನ ಗ್ಯಾಪ್ ಮುಚ್ಚಿಕೊಳ್ಳುತ್ತದೆ, ಎಂಜಿನ್ ಮೆತ್ತಗೆ ಓಡಿದಂತೆ ಕೇಳಿಸುತ್ತದೆ. ಆದರೆ ವಾಲ್ವ್ ಪೂರ್ತಿ ಕೂರದಿದ್ದರೆ ಅದರ ಬಿಸಿ ಬ್ಲಾಕಿಗೆ ಇಳಿಯುವುದಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಮೂರನೇ ಸಿಲಿಂಡರ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ ವಾಲ್ವಿನ ಅಂಚು ಇಲಿ ಕಚ್ಚಿದ ಅಕ್ಕಿ ರೊಟ್ಟಿಯ ಹಾಗಿತ್ತು. ಎಂಜಿನ್ ತಣ್ಣಗಿರುವಾಗ ಗ್ಯಾಪ್ ಇನ್‌ಲೆಟ್ 18 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು), ಎಕ್ಸಾಸ್ಟ್ 16 ಥೌ. ಈಗ ಕೆಳಗಿನದರಿಂದಲೇ ಶುರುಮಾಡುತ್ತೇನೆ.

2. ಡಿಪ್‌ಸ್ಟಿಕ್ ನೋಡಿದರೆ ಸಾಲದು, ಮೂಸಿ. ಒಂದು ಬೆಳಿಗ್ಗೆ ಆಯಿಲ್ ಮಟ್ಟ ಮೇಲಿನ ಗೀಟನ್ನೂ ದಾಟಿತ್ತು. ನಾನು ಸುರಿದಿರಲಿಲ್ಲ. ಬೆರಳಿಗೆ ಹಚ್ಚಿಕೊಂಡರೆ ನೀರಿನ ಹಾಗೆ ಜಾರಿತು, ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಫ್ಯೂಯೆಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ನೇರ ಆಯಿಲ್ ಚೇಂಬರಿಗೆ ಇಳಿದಿತ್ತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಬೇರಿಂಗುಗಳ ಕಥೆ ಮುಗಿಯುತ್ತಿತ್ತು. ಹಳೆಯ ರಬ್ಬರು ಎಥನಾಲ್ ಬೆರೆತ ಪೆಟ್ರೋಲಿಗೆ ತಾಳುವುದಿಲ್ಲ. ಡಯಾಫ್ರಮ್ಮು, ಪೈಪು ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿದೆ.

3. ಹೆಡ್ ಇಳಿಸುವಾಗ ಬೋಲ್ಟುಗಳನ್ನು ಎಣಿಸಿ. ಒಂದು ಬೋಲ್ಟು ಕಾರ್ಬೊರೇಟರ್ ಕೂರುವ ತೂತಿನೊಳಗೆ ಅಡಗಿದೆ. ಕಾರ್ಬೊರೇಟರ್ ಎತ್ತದೆ ಅದು ಕಾಣುವುದೇ ಇಲ್ಲ. ಅದು ಗೊತ್ತಿಲ್ಲದ ಹುಡುಗನೊಬ್ಬ ನನ್ನೆದುರೇ ಹೆಡ್ಡಿನ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಹೆಡ್ಡು ಅಲ್ಲಾಡಲಿಲ್ಲ, ಅದರ ಮೈಗೆ ಮಾತ್ರ ಗಾಯವಾಯಿತು. ಬೆರಳಾಡಿಸಿದರೆ ಆ ಗೀರು ಇಂದಿಗೂ ಸಿಗುತ್ತದೆ.

4. ಡಿಸ್ಟ್ರಿಬ್ಯೂಟರ್ ಒಳಗಿನ ಸಿಬಿ ಪಾಯಿಂಟ್ ಗ್ಯಾಪ್ 20 ಥೌ. ಉಪ್ಪು ಕಾಗದದಿಂದ ಉಜ್ಜಿ ಉಜ್ಜಿ ದಿನ ದೂಡುವುದಕ್ಕಿಂತ ಹೊಸದು ಹಾಕುವುದು ಮೇಲು.

5. ಹೊಸ ಫಿಲ್ಟರ್ ಹಾಕಿದ್ದೇನಲ್ಲ ಎಂದು ಆಯಿಲ್ ಬದಲಾಯಿಸುವುದನ್ನು ಮುಂದೂಡಬೇಡಿ. ಇದರದು ಬೈಪಾಸ್ ಫಿಲ್ಟರ್, ಒಂದು ಪಾಲು ಆಯಿಲ್ ಮಾತ್ರ ಅದರ ಮೂಲಕ ಹಾದುಹೋಗುತ್ತದೆ. ಉಳಿದದ್ದು ಸೋಸದೆಯೇ ಬೇರಿಂಗಿಗೆ ಹೋಗುತ್ತದೆ.

6. ಮಳೆಗಾಲದಲ್ಲಿ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಉಪಕಾರವಲ್ಲ. ಎಂಜಿನ್ ಕಾಯುವ ಮೊದಲೇ ನಿಲ್ಲಿಸಿದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ, ಆಯಿಲ್ ಮುಚ್ಚಳದ ಒಳಮೈಗೆ ಹಾಲಿನ ಕೆನೆಯಂಥ ಬಿಳಿ ಹತ್ತುತ್ತದೆ. ಆಷಾಢದ ಮಳೆ ಎಷ್ಟೇ ಸುರಿಯಲಿ, ವಾರಕ್ಕೊಮ್ಮೆ ಗಾಡಿ ರಸ್ತೆಗಿಳಿಸುತ್ತೇನೆ. ಪಕ್ಕದ ಎಂಜಿನ್ ಮುಚ್ಚಳದ ಬಿಸಿ ಎಡ ಮೊಣಕಾಲಿಗೆ ಚೆನ್ನಾಗಿ ತಟ್ಟುವವರೆಗೂ ಓಡಿಸಿ, ಆಮೇಲೆ ಮನೆ ಕಡೆ ತಿರುಗಿಸುತ್ತೇನೆ.