ಮೊಲದ ನಾಲ್ಕನೆಯ ಕಾಲು

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮಗೆ ಎರಡು ಎಕರೆ ಅಡಿಕೆ ತೋಟ ಇದೆ. ಮನೆ ಹಿಂದೆ ಹಳೇ ಕೊಟ್ಟಿಗೆ ಖಾಲಿ ಬಿದ್ದಿದೆ. ಅದರಲ್ಲಿ ಮಾಂಸಕ್ಕಾಗಿ ಮೊಲ ಸಾಕಿದರೆ ಹೇಗೆ ಎಂಬ ಯೋಚನೆ. ಮನೆಯಲ್ಲಿ ಐದು ಜನ, ಎಲ್ಲರೂ ಮಾಂಸ ತಿನ್ನುವವರೇ. ಪರಿಚಯದವರೊಬ್ಬರು "ಒಂದು ಯೂನಿಟ್ ತಗೊಳ್ಳಿ, ಮರಿಗಳನ್ನು ನಾವೇ ವಾಪಸ್ ಕೊಳ್ಳುತ್ತೇವೆ" ಎನ್ನುತ್ತಿದ್ದಾರೆ. ಗಿಟ್ಟುತ್ತದೆಯೇ?

ಉತ್ತರ: ಮನೆಯ ಅಡುಗೆಗೆ ಎಂದಾದರೆ ಗಿಟ್ಟುತ್ತದೆ. ಮಾರಾಟಕ್ಕೆ ಎಂದಾದರೆ ಮೊಲಕ್ಕಿಂತ ಮೊದಲು ಗಿರಾಕಿಯನ್ನು ಹುಡುಕಿ. ವಾಪಸ್ ಕೊಳ್ಳುತ್ತೇವೆ ಎಂಬ ಮಾತೊಂದನ್ನೇ ನಂಬಿ ಇಳಿಯುವುದಾದರೆ ಬೇಡ. ಏಕೆ ಎಂದು ವಿವರವಾಗಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಿಮ್ಮ ಗದ್ದೆ ಬದುವಿನಲ್ಲಿ ರಾತ್ರಿ ಬೈಕಿನ ಬೆಳಕಿಗೆ ಅಡ್ಡ ಹಾಯುವ ಕಾಡುಮೊಲ ಬೇರೆ, ಗೂಡಿನಲ್ಲಿ ಸಾಕುವ ಮೊಲ ಬೇರೆ. ಕಾಡುಮೊಲದ ಮರಿ ಕಣ್ಣು ಬಿಟ್ಟುಕೊಂಡೇ, ಮೈತುಂಬ ರೋಮದೊಂದಿಗೆ ಹುಟ್ಟುತ್ತದೆ. ಸಾಕುಮೊಲದ ಮರಿಗೆ ಹುಟ್ಟುವಾಗ ರೋಮವೂ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ಸಾಕುಮೊಲದ ಮೂಲ ಯುರೋಪಿನದು. ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಹಾಗಾಗಿ ಸಾಕಲು ತಂದ ಮೊಲದ ರಸೀತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಕೇಳಿದವರಿಗೆ ಬಾಯಿಮಾತಿಗಿಂತ ಕಾಗದ ತೋರಿಸುವುದು ಸುಲಭ.

ತಳಿಗಳಲ್ಲಿ ಸೋವಿಯತ್ ಚಿಂಚಿಲಾ, ವೈಟ್ ಜೈಂಟ್, ನ್ಯೂಜಿಲೆಂಡ್ ವೈಟ್ ನಮ್ಮ ಕಡೆ ಹೆಚ್ಚು ಕೇಳಿಬರುವ ಹೆಸರುಗಳು. ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿ ಮಾಂಸದ ಮೊಲಗಳ ಮೇಲೆ ಕೆಲಸ ನಡೆಯುತ್ತದೆ. ಆ ಕೇಂದ್ರ ತಂಪಾದ ಬೆಟ್ಟದ ಮೇಲಿದೆ ಎಂಬುದನ್ನು ಮರೆಯಬೇಡಿ. ಮೊಲದ ಅರ್ಧ ಕಥೆ ಹವೆಯಲ್ಲೇ ಇದೆ.

ಈಗ ಲೆಕ್ಕ. ಮೂರು ಹೆಣ್ಣು, ಒಂದು ಗಂಡು ಇಟ್ಟುಕೊಂಡಿರಿ ಎನ್ನೋಣ. ಐದಾರು ತಿಂಗಳಿಗೆ ಹೆಣ್ಣು ಬೆದೆಗೆ ಸಿದ್ಧ. ಗಬ್ಬ ಕಟ್ಟಿದ ಮೇಲೆ 31 ದಿನಕ್ಕೆ, ಒಂದು ದಿನ ಆಚೀಚೆ, ಮರಿ ಹಾಕುತ್ತದೆ. ಒಂದು ಸಲಕ್ಕೆ ಆರೋ ಏಳೋ ಮರಿ. ಅದರಲ್ಲಿ ಐದು ಉಳಿದು ಬೆಳೆದರೆ ನಿಮ್ಮ ಆರೈಕೆ ಚೆನ್ನಾಗಿದೆ ಎಂದೇ ಅರ್ಥ. ಪುಸ್ತಕ ನೋಡಿದರೆ ವರ್ಷಕ್ಕೆ ಏಳೆಂಟು ಸೂಲು ಸಾಧ್ಯ. ಬೇಸಿಗೆ, ಮಳೆ, ತಾಯಿಗೆ ಬೇಕಾದ ಬಿಡುವು ಎಲ್ಲವನ್ನೂ ಕಳೆದು ನಾಲ್ಕು ಎಂದೇ ಹಿಡಿಯಿರಿ. ಮೂರು ಹೆಣ್ಣಿನಿಂದ 12 ಸೂಲು, 60 ಮರಿ. ಮೂರು ತಿಂಗಳಿಗೆ ಒಂದೊಂದು ಸುಮಾರು ಎರಡು ಕಿಲೋ ತೂಗುತ್ತದೆ, ಅದರಲ್ಲಿ ಮಾಂಸ ಅರ್ಧ. ಅಲ್ಲಿಗೆ ವರ್ಷಕ್ಕೆ 60 ಕಿಲೋ ಮಾಂಸ, ವಾರಕ್ಕೆ ಒಂದು ಕಿಲೋ ಚಿಲ್ಲರೆ. ಐದು ಜನರ ಭಾನುವಾರಕ್ಕೆ ಧಾರಾಳ ಸಾಕು.

ಖರ್ಚು ನೋಡೋಣ. ಸೊಪ್ಪಿನ ಜೊತೆಗೆ ದೊಡ್ಡ ಮೊಲಕ್ಕೆ ದಿನಕ್ಕೆ ಸರಾಸರಿ 120 ಗ್ರಾಂ ಕೈತಿಂಡಿ ಎಂದರೆ ನಾಲ್ಕಕ್ಕೆ ವರ್ಷಕ್ಕೆ 175 ಕಿಲೋ. ಮರಿಗಳಿಗೆ ತಲಾ ಮೂರು ಕಿಲೋ ಎಂದರೆ 180. ಒಟ್ಟು 355 ಕಿಲೋ. ಕಿಲೋಗೆ 30 ರೂಪಾಯಿ ಎಂದು ಇಟ್ಟುಕೊಂಡರೆ 10,650 ರೂಪಾಯಿ. ಗೂಡುಗಳಿಗೆ 12,000 ಹಾಕಿ ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,400. ಎರಡನ್ನೂ ಕೂಡಿ 60ರಿಂದ ಭಾಗಿಸಿದರೆ ಕಿಲೋ ಮಾಂಸಕ್ಕೆ ಹತ್ತಿರ ಹತ್ತಿರ 218 ರೂಪಾಯಿ. ದರಗಳು ನನ್ನ ಅಂದಾಜು, ನಿಮ್ಮ ಪೇಟೆಯ ದರ ಹಾಕಿ ಮತ್ತೊಮ್ಮೆ ಗುಣಿಸಿ. ಬೆಳಿಗ್ಗೆ ಸಂಜೆಯ ನಿಮ್ಮ ಅರ್ಧರ್ಧ ಗಂಟೆಗೆ ಇದರಲ್ಲಿ ಕೂಲಿ ಹಿಡಿದಿಲ್ಲ. ಅಂದರೆ ಕುರಿ ಮಾಂಸದ ಎದುರು ಇದು ತೀರಾ ಅಗ್ಗ, ಅಂಗಡಿಯ ಕೋಳಿಯ ಎದುರು ಹೇಳಿಕೊಳ್ಳುವಂಥ ಉಳಿತಾಯ ಇಲ್ಲ.

ಉಳಿತಾಯ ಇರುವುದು ಸೊಪ್ಪಿನಲ್ಲಿ. ತೋಟದ ಗರಿಕೆ, ನೇಪಿಯರ್ ಹುಲ್ಲು, ಹಲಸಿನ ಎಲೆ, ನುಗ್ಗೆ ಸೊಪ್ಪು ಎಲ್ಲವೂ ಆಗುತ್ತದೆ. ರೇಷ್ಮೆ ಬೆಳೆಯುವ ಕಡೆಯವರಿಗೆ ಹಿಪ್ಪುನೇರಳೆ ಸೊಪ್ಪಿಗಿಂತ ಒಳ್ಳೆಯದು ಬೇರೆ ಬೇಡ. ಔಷಧಿ ಹೊಡೆದ ತೋಟದ ಹುಲ್ಲು ಮಾತ್ರ ಕೂಡದು. ಬೋರ್ಡೊ ಸಿಂಪಡಿಸುವ ದಿನಗಳಲ್ಲಿ ಅಡಿಕೆ ಮರದ ಬುಡದ ಹುಲ್ಲನ್ನು ಮುಟ್ಟಲೇಬೇಡಿ. ಮಳೆಯಲ್ಲಿ ನೆನೆದ ಸೊಪ್ಪು ಕೊಟ್ಟರೆ ಹೊಟ್ಟೆ ಉಬ್ಬರ, ಭೇದಿ ತಪ್ಪಿದ್ದಲ್ಲ. ಕೊಯ್ದು, ಜಗುಲಿಯ ಮೇಲೆ ಹರಡಿ, ಬಾಡಿಸಿ ಕೊಡಿ. ಇನ್ನೊಂದು ಲಾಭ ಹಿಕ್ಕೆಯದು. ಗೂಡಿನ ಕೆಳಗೆ ಬಿದ್ದದ್ದನ್ನು ಗುಡಿಸಿ ನೇರವಾಗಿ ಗಿಡದ ಬುಡಕ್ಕೆ ಹಾಕಬಹುದು. ನನ್ನ ಮನೆಯ ಕರಿಬೇವಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ನಾನು ಹಾಕಿಲ್ಲ.

ನಾನೂ ಕೆಲವು ವರ್ಷ ಮೊಲ ಸಾಕಿದವನೇ. ಮೊದಲ ಬೇಸಿಗೆಯಲ್ಲಿ ಗೂಡುಗಳನ್ನು ತಗಡಿನ ಮಾಡಿನ ಕೆಳಗೆ ಇಟ್ಟಿದ್ದೆ. ಏಪ್ರಿಲ್ ಮಧ್ಯಾಹ್ನ ಹೋಗಿ ನೋಡಿದರೆ ಮೊಲಗಳು ಕಾಲು ಚಾಚಿ ಮಲಗಿ ಏದುಸಿರು ಬಿಡುತ್ತಿದ್ದವು, ಕಿವಿಯ ನರಗಳು ಕೆಂಪಗೆ ಉಬ್ಬಿದ್ದವು. ಮೊಲ ಬೆವರುವ ಪ್ರಾಣಿಯಲ್ಲ, ಮೈಯ ಬಿಸಿಯನ್ನು ಬಹುಪಾಲು ಕಿವಿಯಿಂದಲೇ ಹೊರಹಾಕಬೇಕು. ಒದ್ದೆ ಗೋಣಿ ಕಟ್ಟಿ ಜೀವ ಉಳಿಸಿದೆ. ಆದರೆ ಮೇ ತಿಂಗಳಲ್ಲಿ ಗಂಡಿನ ಗೂಡಿಗೆ ಬಿಟ್ಟ ಮೂರು ಹೆಣ್ಣುಗಳಲ್ಲಿ ಒಂದೂ ಗಬ್ಬ ಕಟ್ಟಲಿಲ್ಲ. ಹೆಣ್ಣು ಬರಡು ಎಂದು ತೀರ್ಮಾನಿಸಿ ಒಂದನ್ನು ಮಾರಿಯೂ ಬಿಟ್ಟೆ. ಆಮೇಲೆ ಗೊತ್ತಾಯಿತು, ಸೆಕೆ 30 ಡಿಗ್ರಿ ದಾಟಿ ನಿಂತರೆ ಗಂಡಿನ ಬೀಜ ಕೆಡುತ್ತದೆ, ಸರಿಹೋಗಲು ತಿಂಗಳುಗಟ್ಟಲೆ ಬೇಕು. ತಪ್ಪು ಹೆಣ್ಣಿನದಲ್ಲ, ಗಂಡಿನದೂ ಅಲ್ಲ, ತಗಡಿನದು. ನಿಮ್ಮ ಹಳೇ ಕೊಟ್ಟಿಗೆಗೆ ಹೆಂಚಿನ ಮಾಡು ಇದ್ದರೆ ಅದೇ ನಿಮ್ಮ ದೊಡ್ಡ ಬಂಡವಾಳ. ರಾಯಚೂರು, ಕಲಬುರಗಿ ಕಡೆಯ ಓದುಗರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಇಷ್ಟು ಉದ್ದ ಇರುತ್ತಿರಲಿಲ್ಲ.

ಮಲೆನಾಡಿನಲ್ಲಿ ಬಿಸಿಲಿಗಿಂತ ಮಳೆಯೇ ದೊಡ್ಡ ಶತ್ರು. ಜೂನ್‌ನಿಂದ ತೇವ ಏರಿತೆಂದರೆ ಮರಿಗಳಿಗೆ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯಿಂದ ಭೇದಿ, ದೊಡ್ಡವಕ್ಕೆ ಕಿವಿಯ ಕಜ್ಜಿ. ಎರಡಕ್ಕೂ ಪಶುವೈದ್ಯರಲ್ಲಿ ಮದ್ದು ಇದೆ, ಆದರೆ ಮದ್ದಿಗಿಂತ ಒಣ ಗೂಡು ಮೇಲು. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ತಂತಿ ಬಲೆಯ ಗೂಡು ಇಡಿ. ಹಿಕ್ಕೆ, ಉಚ್ಚೆ ಕೆಳಗೆ ಬೀಳಬೇಕು. ಹೆಣ್ಣಿಗೆ ಎರಡೂವರೆ ಅಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ ಬೇಕು. ಗೂಡಿನ ನಾಲ್ಕೂ ಕಾಲನ್ನು ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಕೆಂಪಿರುವೆ ಒಂದೇ ರಾತ್ರಿಯಲ್ಲಿ ಹಸಿಮರಿಗಳನ್ನು ಮುಗಿಸುತ್ತದೆ. ಬಲೆಯ ಕಣ್ಣು ಕೇರೆಹಾವು ನುಸುಳದಷ್ಟು ಸಣ್ಣದಿರಲಿ.

ಗಬ್ಬ ಕಟ್ಟಿದ 28ನೆಯ ದಿನ ಗೂಡಿನೊಳಗೆ ಒಂದು ಮರದ ಪೆಟ್ಟಿಗೆ ಇಟ್ಟು ಒಣಹುಲ್ಲು ಹಾಕಿದರೆ ಉಳಿದದ್ದು ತಾಯಿಯ ಕೆಲಸ. ಹೊಟ್ಟೆಯ ರೋಮವನ್ನು ತಾನೇ ಬಾಯಿಂದ ಕಿತ್ತು ಹಾಸಿಗೆ ಮಾಡುತ್ತದೆ. ದಿನಕ್ಕೆ ಒಂದು ಸಲ, ಅದೂ ಮೂರು ನಾಲ್ಕು ನಿಮಿಷ ಹಾಲು ಕೊಟ್ಟು ಹೊರಬಂದುಬಿಡುತ್ತದೆ. "ತಾಯಿ ಮರಿ ಬಿಟ್ಟಿದೆ" ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ. ಬೆಳಿಗ್ಗೆ ಮರಿಗಳ ಹೊಟ್ಟೆ ದುಂಡಗಿದ್ದರೆ ಪೆಟ್ಟಿಗೆಗೆ ಕೈಹಾಕಬೇಡಿ.

ಇಷ್ಟೆಲ್ಲ ಆದ ಮೇಲೆ ಕೊಯ್ಯುವ ದಿನ ಬರುತ್ತದೆ. ಮನೆಯಲ್ಲಿ ಯಾರು ಕೊಯ್ಯುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಲಿ. ಮಕ್ಕಳು ಹೆಸರಿಟ್ಟ ಮೊಲ ಪಾತ್ರೆಗೆ ಬರುವುದಿಲ್ಲ, ಬಂದರೂ ಯಾರೂ ಬಡಿಸಿಕೊಳ್ಳುವುದಿಲ್ಲ. ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ, ಕೋಳಿಯ ಹಾಗೆ ಬೇಯಿಸಿದರೆ ನಾರಾಗುತ್ತದೆ. ಎಣ್ಣೆ ಕೊಂಚ ಮುಂದಾಗಿ, ಕಾಳುಮೆಣಸು ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿದ ಸಾರಿಗೆ ಅಕ್ಕಿ ಕಡುಬು ಒಳ್ಳೆಯ ಜೋಡಿ.

ಕೊನೆಗೆ ನಿಮ್ಮ ಪರಿಚಯದವರ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಈ ವ್ಯವಹಾರಕ್ಕೇ ಹುಟ್ಟಿದಂತಿದೆ. ಬೇಗ ಮರಿ ಹಾಕುತ್ತದೆ, ಸೊಪ್ಪು ತಿಂದು ಬೆಳೆಯುತ್ತದೆ, ಜಾಗ ಹೆಚ್ಚು ಬೇಡ ಎಂಬ ಮೂರು ಕಾಲನ್ನು ಅವರು ತೋರಿಸುತ್ತಾರೆ, ಮೂರೂ ನಿಜ. ನಾಲ್ಕನೆಯ ಕಾಲು ಮಾರುಕಟ್ಟೆ. ಯೂನಿಟ್ ಎಂದರೆ ಸಾಮಾನ್ಯವಾಗಿ ಏಳು ಹೆಣ್ಣು, ಮೂರು ಗಂಡು. ನಮ್ಮ ಲೆಕ್ಕದಲ್ಲೇ ವರ್ಷಕ್ಕೆ 140 ಮರಿ. ಅವನ್ನು ಕೊಂಡವರು ಎಲ್ಲಿ ಮಾರುತ್ತಾರೆ? ಯಾವ ಅಂಗಡಿಯಲ್ಲಿ ಆ ಮಾಂಸ ಸಿಗುತ್ತದೆ? ಆ ಅಂಗಡಿಯ ಮುಂದೆ ಒಂದು ಭಾನುವಾರ ನಿಂತು ನೋಡಬಹುದೇ? ಉತ್ತರ ತೊದಲಿದರೆ ಅವರು ಮಾಂಸದ ವ್ಯಾಪಾರಿಯಲ್ಲ, ಯೂನಿಟ್ ವ್ಯಾಪಾರಿ. ನಿಮ್ಮ ಮರಿಗೆ ಕೊಡುವ ಹಣ ತಿನ್ನುವವರ ಜೇಬಿನಿಂದ ಬರುವುದಿಲ್ಲ, ಮುಂದೆ ಯೂನಿಟ್ ಕೊಳ್ಳುವ ಇನ್ನೊಬ್ಬ ರೈತನ ಜೇಬಿನಿಂದ ಬರುತ್ತದೆ. ಆ ಸಾಲು ನಿಂತ ದಿನ ಫೋನೂ ನಿಲ್ಲುತ್ತದೆ. 2012ರ ಸುಮಾರಿಗೆ ಈಮು ಸಾಕಣೆ ಕುಸಿದು ಬಿದ್ದದ್ದು ಹೀಗೆಯೇ. ಹಕ್ಕಿ ಚೆನ್ನಾಗಿಯೇ ಬೆಳೆದಿತ್ತು, ತಿನ್ನುವವರು ಇರಲಿಲ್ಲ.

ಆದ್ದರಿಂದ ಗೂಡು ಮಾಡಿಸುವ ಮುನ್ನ ಒಂದು ಕೆಲಸ ಮಾಡಿ. ಸಾಕಿದವರಿಂದ ಒಂದೆರಡು ಬೆಳೆದ ಮೊಲ ತಂದು ಅಡುಗೆ ಮಾಡಿ, ಮನೆಯವರೆಲ್ಲ ಉಂಡು ನೋಡಿ. ನಿಮಗೆ ಹಿಡಿಸಿದರೆ ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ಎರಡು ಹೆಣ್ಣು ಒಂದು ಗಂಡಿನಿಂದ ಶುರುಮಾಡಿ, ಒಂದು ಬೇಸಿಗೆ, ಒಂದು ಮಳೆ ದಾಟಿಸಿ. ಮಾರುವ ಯೋಚನೆ ಆಮೇಲೆ. ಅದಕ್ಕೆ ಪಂಚಾಯಿತಿಯ ಅನುಮತಿ, ಆಹಾರ ಸುರಕ್ಷತೆಯ ನೋಂದಣಿ ಎರಡನ್ನೂ ವಿಚಾರಿಸಿಕೊಳ್ಳಬೇಕು. ಅದಕ್ಕೂ ಮೊದಲು ಅಕ್ಕಪಕ್ಕದ ನಾಲ್ಕು ಮನೆಗೆ ಒಂದೊಂದು ಬಟ್ಟಲು ಸಾರು ಕಳಿಸಿ. ಬಟ್ಟಲು ವಾಪಸ್ ಕೊಡಲು ಬಂದವರು "ಇನ್ನೊಂದು ಯಾವಾಗ, ಎಷ್ಟು ಕೊಡಬೇಕು?" ಎಂದು ಕೇಳಿದರೆ ಗೂಡು ಹೆಚ್ಚಿಸಿ. "ಚೆನ್ನಾಗಿತ್ತು" ಎಂದಷ್ಟೇ ಹೇಳಿದರೆ ಮೂರು ಮೊಲವೇ ಸಾಕು.